ಜ್ವಾಲೆಗೆ ಸಿಕ್ಕ ಪುಕ್ಕಟೆ ಕೀರ್ತಿ

ಸೌರ ಬಿರುಗಾಳಿ ಎದ್ದಾಗಲೆಲ್ಲ ಟಿ.ವಿ.ಗಳಲ್ಲಿ ಒಂದೇ ಪಲ್ಲವಿ: ಸೂರ್ಯನಿಂದ ಜ್ವಾಲೆ ಸಿಡಿಯಿತು, ಕಣಗಳು ಅಪ್ಪಳಿಸಿದವು. ವಾಟ್ಸ್‌ಆ್ಯಪ್‌ನಲ್ಲಿ ಇದಕ್ಕೆ ಬಾಲವೂ ಅಂಟುತ್ತದೆ, ರಾತ್ರಿ ಮೊಬೈಲ್ ಬಂದ್ ಮಾಡಿ ಎಂದು. ಬಸವಕಲ್ಯಾಣದ ಗೋರ್ಟಾದಲ್ಲಿ ಕೂತವರು ಹೆದರಬೇಕಿಲ್ಲ. ಭೂಮಧ್ಯರೇಖೆಗೆ ಇಷ್ಟು ಹತ್ತಿರ ಭೂಮಿಯ ಕಾಂತಕ್ಷೇತ್ರ, ವಾಯುಮಂಡಲ ಎರಡೂ ಸೇರಿ ಆ ಕಣಗಳನ್ನು ನೆಲ ಮುಟ್ಟಗೊಡುವುದಿಲ್ಲ.

ನನ್ನ ತಕರಾರು ಬಾಲದ ಬಗ್ಗೆಯಲ್ಲ, ಪಲ್ಲವಿಯ ಬಗ್ಗೆ. ದಿನಗಟ್ಟಲೆ ಸುರಿಯುವ ದೊಡ್ಡ ಕಣಮಳೆಗೆ ಮುಖ್ಯ ಕಾರಣ ಜ್ವಾಲೆಯಲ್ಲ. 2014ರ ಅಕ್ಟೋಬರಿನಲ್ಲಿ ಒಂದೇ ಸೂರ್ಯಕಲೆಯ ಗುಂಪಿನಿಂದ ಅತಿ ಪ್ರಬಲವಾದ ಎಕ್ಸ್ ದರ್ಜೆಯ 6 ಜ್ವಾಲೆಗಳು ಸಿಡಿದವು. ಜೊತೆಗೆ ಪ್ಲಾಸ್ಮಾ ಮೋಡ, ಅಂದರೆ ಸಿ.ಎಂ.ಇ., ಹೊರಡಲಿಲ್ಲ, ದೊಡ್ಡ ಕಣಮಳೆಯೂ ಆಗಲಿಲ್ಲ.

ಅಂಥ ಮೋಡ ಸೆಕೆಂಡಿಗೆ ಸಾವಿರ, ಎರಡು ಸಾವಿರ ಕಿ.ಮೀ. ವೇಗದಲ್ಲಿ ನುಗ್ಗಿದರೆ ಅದರ ಮುಂದೆ ಆಘಾತದ ಅಲೆ ಏಳುತ್ತದೆ. ಗಾಳಿಯೇ ಇಲ್ಲದಲ್ಲಿ ಅಲೆ ಹೇಗೆ? ಭೂಮಿಯ ಬಳಿ ಸೌರಮಾರುತದ ಒಂದು ಘನ ಸೆಂ.ಮೀ.ನಲ್ಲಿ ಸಾಮಾನ್ಯವಾಗಿ ಐದಾರು ಪ್ರೋಟಾನ್ ಇದ್ದರೆ ಹೆಚ್ಚು. ಅವು ಪರಸ್ಪರ ಡಿಕ್ಕಿಯಾಗುವುದೇ ಅಪರೂಪ. ಡಿಕ್ಕಿಯ ಕೆಲಸವನ್ನು ಕಾಂತಕ್ಷೇತ್ರ ಮಾಡುತ್ತದೆ. ಅಲೆಯ ಹಿಂದೆ ಮುಂದೆ ಕದಡಿದ ಕ್ಷೇತ್ರ ಕಣವನ್ನು ಅತ್ತಿಂದಿತ್ತ ತಳ್ಳುತ್ತದೆ. ಎದುರು ಬಂದ ಬ್ಯಾಟಿಗೆ ಬಡಿದ ಚೆಂಡಿನಂತೆ, ಪ್ರತಿ ಸಲ ಅಲೆ ದಾಟಿದಾಗಲೂ ಕಣಕ್ಕೆ ಚೂರು ವೇಗ ಕೂಡುತ್ತದೆ. ಮತ್ತೆ ಮತ್ತೆ ದಾಟಿದ್ದು ಬೆಳಕಿನ ವೇಗದ ದೊಡ್ಡ ಪಾಲನ್ನೇ ಮುಟ್ಟುತ್ತದೆ.

ಸಾಕ್ಷಿ ಬೇಕೆ? ಕಬ್ಬಿಣವನ್ನು ಕೇಳಿ. ಜ್ವಾಲೆಯ ಕೋಟಿ ಡಿಗ್ರಿಯಲ್ಲಿ ಬೆಂದ ಕಬ್ಬಿಣದ ಪರಮಾಣು 20ರಷ್ಟು ಎಲೆಕ್ಟ್ರಾನ್ ಕಳೆದುಕೊಂಡಿರಬೇಕು. ದೊಡ್ಡ ಕಣಮಳೆಗಳಲ್ಲಿ ಉಪಗ್ರಹಗಳಿಗೆ ಹೆಚ್ಚಾಗಿ ಸಿಕ್ಕಿದ್ದು 14ರ ಆಸುಪಾಸು. ಅದು ಹತ್ತಿಪ್ಪತ್ತು ಲಕ್ಷ ಡಿಗ್ರಿಯ ಸಾಧಾರಣ ಕರೋನಾದ, ಅಂದರೆ ಸೂರ್ಯನ ಹೊರ ವಾತಾವರಣದ, ಗುರುತು. ಇನ್ನೊಂದು ಸಾಕ್ಷಿ ರೇಡಿಯೊ: ಅಲೆ ಕರೋನಾದಲ್ಲಿ ಮೇಲೇರಿದಂತೆ ಅದು ಹೊಮ್ಮಿಸುವ ರೇಡಿಯೊ ತರಂಗದ ಆವರ್ತನ ಇಳಿಯುತ್ತ ಹೋಗುತ್ತದೆ. ಅದನ್ನು ಹಿಡಿಯುವ ಆಂಟೆನಾಗಳು ನಮ್ಮ ಗೌರಿಬಿದನೂರಿನಲ್ಲೇ ಇವೆ.

ಹಾಗೆಂದು ಜ್ವಾಲೆಯನ್ನು ಪೂರ್ತಿ ಖುಲಾಸೆ ಮಾಡುವಂತಿಲ್ಲ. 2005ರ ಜನವರಿ 20ರಂದು ಕಣಗಳು ಜ್ವಾಲೆಯ ಬೆನ್ನಿಗೇ, ನಿಮಿಷಗಳಲ್ಲಿ ಬಂದವು. ಅವಕ್ಕೆ ವೇಗ ಕೊಟ್ಟದ್ದು ಯಾವುದೆಂಬ ಜಗಳ ನಡೆದೇ ಇದೆ. ಅಲೆಯಾದರೂ ಮೊದಲೇ ತುಸು ಚುರುಕಾದ ಕಣಗಳನ್ನೇ ಸುಲಭವಾಗಿ ಎತ್ತಿಕೊಳ್ಳುತ್ತದೆ, ಹಿಂದಿನ ಜ್ವಾಲೆಗಳ ಉಳಿಕೆಯೂ ಆ ಕಣಗಳಲ್ಲಿರಬಹುದು.

2024ರ ಜನವರಿ 6ರಂದು ಸೂರ್ಯ-ಭೂಮಿಗಳ ನಡುವಿನ ಎಲ್1 ಬಿಂದುವಿನ ಕಕ್ಷೆ ಸೇರಿದ ನಮ್ಮ ಆದಿತ್ಯ ನೌಕೆಯಲ್ಲಿ ಇಂಥ ಕಣಗಳನ್ನು ಅಳೆಯುವ ಆಸ್ಪೆಕ್ಸ್ ಉಪಕರಣವಿದೆ. ಸುದ್ದಿ ಬರೆಯುವವರು ಇನ್ನಾದರೂ ಜ್ವಾಲೆಯ ದರ್ಜೆಗೇ ನಿಲ್ಲದೆ, ಮೋಡ ಹೊರಟಿದೆಯೇ, ಅದರ ವೇಗವೆಷ್ಟು, ದಿಕ್ಕು ಯಾವುದು ಎಂಬುದನ್ನೂ ಬರೆಯಲಿ.