ಹಗ್ಗದ ಜಗ್ಗು

ಹಿಮದ ಮೇಲೆ ಓಡುವ ಬಂಡಿಯಾದ ಟೂ ಸ್ಟ್ರೋಕ್ ಸ್ನೋಮೊಬೈಲಿನ ಸ್ಟಾರ್ಟರ್ ಹಗ್ಗವನ್ನು ಬಲ್ಲವರು ಎಳೆಯುವುದನ್ನು ನೋಡಬೇಕು. ಮೊದಲು ಮೆಲ್ಲಗೆ, ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುವ ಬಿಗಿ ಅಂಗೈಗೆ ತಾಗುವವರೆಗೆ. ಆಮೇಲೆ ಒಂದೇ ಜಗ್ಗು. ಒಳಗಿನ ಪುಟ್ಟ ಕೊಕ್ಕೆಗಳು ಚಾಚಿ ಎಂಜಿನ್ನನ್ನು ತಿರುಗಿಸುತ್ತವೆ, ಅದು ಹೊತ್ತಿಕೊಂಡೊಡನೆ ಸರಿದು ನಿಲ್ಲುತ್ತವೆ. ಸುರುಳಿ ಸ್ಪ್ರಿಂಗ್ ಹಗ್ಗವನ್ನು ಸರ್ರನೆ ಒಳಗೆಳೆದುಕೊಳ್ಳುತ್ತದೆ. ಎಂಥ ಅಚ್ಚುಕಟ್ಟು!

ಎಲೆಕ್ಟ್ರಿಕ್ ಸ್ಟಾರ್ಟಿಗಾದರೋ ಬ್ಯಾಟರಿ, ಮೋಟಾರ್, ದಪ್ಪ ವೈರುಗಳ ಭಾರ. ಕೊರೆಯುವ ಚಳಿಗೆ ಬ್ಯಾಟರಿಯೇ ಸೊರಗುತ್ತದೆ. ಸ್ಕೀ-ಡೂ ಬ್ರ್ಯಾಂಡಿನ 'ಶಾಟ್' ಜಾಣ ನಡುದಾರಿ: ಮೊದಲ ಸಲ ಹಗ್ಗ, ಆಮೇಲೆ ಕೆಪಾಸಿಟರ್ ಬಲದ ಬಟನ್.

ರಾಕಿ ಪರ್ವತಗಳ ಹುಡಿಹಿಮದಲ್ಲಿ ಹೂತ ಬಂಡಿಯನ್ನು ಎತ್ತಿ ಹೊರಳಿಸುವವರಿಗೆ ಪ್ರತಿ ಕಿಲೋ ಲೆಕ್ಕ. ಅವರು ಎಲೆಕ್ಟ್ರಿಕ್ ಸ್ಟಾರ್ಟನ್ನು ಧೈರ್ಯವಾಗಿ ಬಿಚ್ಚಿಡಲಿ. ಭುಜ ನೋವಿನವರು, ಹಗ್ಗವೇ ಇಲ್ಲದ ಫೋರ್ ಸ್ಟ್ರೋಕ್ ಬಂಡಿಯವರು ಮಾತ್ರ ಅದನ್ನು ಬಿಚ್ಚದಿರಲಿ.