ಆಡಿದ ಮಾತು, ತಿಳಿದ ಅರ್ಥ: ಎರಡು ದಾಂಪತ್ಯ ಕಥನಗಳು

ದಾಂಪತ್ಯದ ಕಥೆಗಳಲ್ಲಿ ಮುನಿಸಿಗೂ ಮೌನಕ್ಕೂ ದೊಡ್ಡ ಸ್ಥಾನವಿದೆ. ಹೆಂಡತಿ ‘ಏನೂ ಇಲ್ಲ’ ಎಂದರೆ ಏನೋ ಇದೆಯೆಂದು ಗಂಡ ತಿಳಿಯಬೇಕು. ಕಥೆಗಾರರೂ ಓದುಗರೂ ಒಪ್ಪಿಕೊಂಡ ನಿಯಮವಿದು. ಆದರೆ ಆ ಮಾತನ್ನು ಕೇಳಿ, ನಿಜವಾಗಿಯೂ ಏನೂ ಇಲ್ಲವೆಂದು ನಂಬುವ ಗಂಡನಿದ್ದರೆ? ಅವನು ಒರಟನಲ್ಲ, ಪ್ರೀತಿಯಿಲ್ಲದವನೂ ಅಲ್ಲ. ಮುಖಭಾವದಿಂದ, ದನಿಯ ಏರಿಳಿತದಿಂದ ಅರ್ಥವನ್ನು ಊಹಿಸುವುದು ಅವನಿಗೆ ಸಹಜವಾಗಿ ಒದಗಿಬಂದಿಲ್ಲ, ಅಷ್ಟೇ. ಆಟಿಸಂ ಅಥವಾ ಸ್ವಲೀನತೆಯುಳ್ಳ ಗಂಡನ ದಾಂಪತ್ಯವನ್ನು ಚಿತ್ರಿಸಿದ ಒಂದು ಚಲನಚಿತ್ರವನ್ನೂ ಒಂದು ಆತ್ಮಕಥನವನ್ನೂ ಒಟ್ಟಿಗಿಟ್ಟು ನೋಡುವುದು ಈ ಬರಹದ ಉದ್ದೇಶ.

ಕರಣ್ ಜೋಹರ್ ನಿರ್ದೇಶಿಸಿದ ಹಿಂದಿ ಚಿತ್ರ ‘ಮೈ ನೇಮ್ ಈಸ್ ಖಾನ್’ (2010) ನಮ್ಮಲ್ಲಿ ಅನೇಕರು ನೋಡಿರುವಂಥದ್ದು. ಮುಂಬಯಿಯಲ್ಲಿ ಬೆಳೆದ ರಿಜ್ವಾನ್ ಅಮೆರಿಕಕ್ಕೆ ಹೋದಾಗ, ಅವನ ನಡವಳಿಕೆಗೆ ಆಸ್ಪರ್ಗರ್ ಸಿಂಡ್ರೋಮ್ ಎಂಬ ಹೆಸರಿದೆಯೆಂದು ಗುರುತಿಸುವವಳು ತಮ್ಮನ ಹೆಂಡತಿ. ಆ ಬಳಿಕವೇ ಅವನು ಮಂದಿರಾಳನ್ನು ಕಾಣುತ್ತಾನೆ. ಅವಳು ಅವನ ಸ್ವಭಾವವನ್ನು ಕಂಡು, ಅರಿತು, ತಾನಾಗಿ ಒಪ್ಪಿ ಮದುವೆಯಾಗುತ್ತಾಳೆ. ಯಾರೂ ಅವಳನ್ನು ಮೋಸಗೊಳಿಸುವುದಿಲ್ಲ. ಚಿತ್ರದ ಈ ಗುಣವನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ.

ಮಗನ ಕೊಲೆಯಾದ ಬಳಿಕ, ದುಃಖದ ಉರಿಯಲ್ಲಿ ಅವಳು ಗಂಡನನ್ನು ಮನೆಯಿಂದ ಹೊರಡೆನ್ನುತ್ತಾಳೆ. ಯಾವಾಗ ಮರಳಲೆಂದು ಅವನು ಕೇಳಿದಾಗ, ತಾನು ಭಯೋತ್ಪಾದಕನಲ್ಲವೆಂದು ದೇಶದ ಅಧ್ಯಕ್ಷನಿಗೆ ಹೇಳಿ ಬಾ ಎಂಬರ್ಥದ ಮಾತು ಅವಳ ಬಾಯಿಂದ ಬರುತ್ತದೆ. ಅವನು ಹೊರಟೇಬಿಡುತ್ತಾನೆ. ಇಂಥ ದಾಂಪತ್ಯದ ತಿರುಳೇ ಈ ದೃಶ್ಯದಲ್ಲಿದೆ: ಅವಳು ಆಡಿದ್ದು ನೋವು, ಅವನು ಕೇಳಿದ್ದು ಅಪ್ಪಣೆ.

ಆದರೆ ಚಿತ್ರ ಅಲ್ಲಿಂದ ಮುಂದೆ ಮನೆಯನ್ನು ಬಿಟ್ಟು ಹೆದ್ದಾರಿ ಹಿಡಿಯುತ್ತದೆ. ನಾಯಕ ಲೋಕೋಪಕಾರಿಯಾಗಿ ಬೆಳೆದಂತೆ, ಮಗನನ್ನು ಕಳೆದುಕೊಂಡ ಹೆಂಡತಿ ಬಹುಪಾಲು ಒಂಟಿಯಾಗಿ ಉಳಿಯುತ್ತಾಳೆ. ಪ್ರೀತಿಯನ್ನು ಸಾಹಸದಿಂದ ಸಾಬೀತುಪಡಿಸುವುದು ಸಿನಿಮಾಕ್ಕೆ ಸುಲಭ. ಸಂಸಾರವಾದರೋ ನಡೆಯುವುದು ಅಡುಗೆಮನೆಯಲ್ಲಿ, ಸಂಜೆಯ ಹೊತ್ತಿನಲ್ಲಿ, ನೆಂಟರು ಬಂದಾಗ.

ಆ ಅಡುಗೆಮನೆಗೆ ನಮ್ಮನ್ನು ಕರೆದೊಯ್ಯುವ ಕೃತಿ ಅಮೆರಿಕದ ಡೇವಿಡ್ ಫಿಂಚ್ ಬರೆದ ‘ದ ಜರ್ನಲ್ ಆಫ್ ಬೆಸ್ಟ್ ಪ್ರಾಕ್ಟಿಸಸ್’ (2012). ಇಲ್ಲಿ ಹೆಸರು ದೊರೆಯುವುದು ಮದುವೆಯಾಗಿ 5 ವರ್ಷಗಳಾದ ಮೇಲೆ. ಹೆಂಡತಿ ಕ್ರಿಸ್ಟನ್ ವಾಕ್ ಚಿಕಿತ್ಸಕಿ. ಸ್ವಲೀನ ಮಕ್ಕಳೊಂದಿಗೆ ಕೆಲಸ ಮಾಡಿದವಳು. ಒಂದು ಸಂಜೆ ಗಂಡನನ್ನು ಕುಳ್ಳಿರಿಸಿ ಉದ್ದನೆಯ ಪ್ರಶ್ನಾವಳಿಯನ್ನು ಓದುತ್ತಾಳೆ. ಅವನಿಗೆ ಅವಮಾನವಾಗುವುದಿಲ್ಲ, ಬಿಡುಗಡೆಯಾಗುತ್ತದೆ. ಅಂದಿನಿಂದ ಒಳ್ಳೆಯ ಗಂಡನಾಗಲು ಅವನು ತನಗೆ ತಾನೇ ನಿಯಮಗಳನ್ನು ಬರೆದುಕೊಳ್ಳತೊಡಗುತ್ತಾನೆ. ಒಗೆದ ಬಟ್ಟೆಯನ್ನು ಮಡಚಿಡುವುದು, ಅವಳು ಹಾಡಿಗೆ ದನಿಗೂಡಿಸುತ್ತಿರುವಾಗ ರೇಡಿಯೊ ಬದಲಿಸದಿರುವುದು: ಇಂಥ ಚಿಕ್ಕ ಸಂಗತಿಗಳೇ ಇಲ್ಲಿ ಅಧ್ಯಾಯಗಳಾಗಿವೆ. ತನ್ನನ್ನೇ ಗೇಲಿ ಮಾಡಿಕೊಳ್ಳುವ ಲೇಖಕನ ಹಾಸ್ಯ ಓದುಗನನ್ನು ಗೆಲ್ಲುತ್ತದೆ. ಎಲ್ಲವನ್ನೂ ನಿಯಮವಾಗಿಸಲಾಗದು ಎಂಬ ಅರಿವಿನತ್ತ ಕೃತಿ ಸಾಗುವುದು ಅದರ ಪ್ರಾಮಾಣಿಕತೆಗೆ ಸಾಕ್ಷಿ.

ಆದರೂ ಒಂದು ಆಕ್ಷೇಪವಿದೆ. ಇಲ್ಲಿ ತಿದ್ದಿಕೊಳ್ಳುವ ಹೊರೆ ಹೆಚ್ಚಾಗಿ ಗಂಡನದು. ಕ್ರಿಸ್ಟನ್ ನಮಗೆ ಕೇಳಿಸುವುದು ಅವನ ಲೇಖನಿಯ ಮೂಲಕವೇ. ಆ ಪುಸ್ತಕ ಬಂದ 2012ರಲ್ಲಿಯೇ, ಸ್ವತಃ ಸ್ವಲೀನರಾದ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ ಬೇರೊಂದು ನೋಟವನ್ನು ಮುಂದಿಟ್ಟರು. ಅರ್ಥವಾಗದಿರುವುದು ಒಬ್ಬರ ಕೊರತೆಯಲ್ಲ. ಲೋಕವನ್ನು ಬೇರೆ ಬೇರೆ ರೀತಿಯಲ್ಲಿ ಅನುಭವಿಸುವ ಇಬ್ಬರ ನಡುವೆ ಎರಡೂ ಕಡೆಯಿಂದ ಉಂಟಾಗುವ ತೊಡಕು ಎಂಬುದು ಅದರ ಸಾರ. ಕಾಸರಗೋಡಿನವರಾದ ನಮಗೆ ಇದು ಹೊಸ ಮಾತಾಗಬಾರದು. ತುಳುವಿನ ಮನೆಗೆ ಮಲಯಾಳದ ಸೊಸೆ, ಕನ್ನಡದ ಮನೆಗೆ ತುಳುವಿನ ಸೊಸೆ ಬರುವುದನ್ನು ಕಂಡವರು ನಾವು. ಸೊಸೆಯೊಬ್ಬಳೇ ಭಾಷೆ ಕಲಿತರೆ ಸಂಸಾರ ಸಾಗುತ್ತದೆ. ಮನೆಯವರೂ ಅವಳ ನಾಲ್ಕು ಮಾತು ಕಲಿತರೆ ಅದು ಅವಳ ಮನೆಯಾಗುತ್ತದೆ.

ಈ ಎರಡು ಕೃತಿಗಳು ನನ್ನನ್ನು ಕಾಡುವುದಕ್ಕೆ ಸ್ವಂತದ ಕಾರಣವೊಂದಿದೆ. ಬಹಳ ವರ್ಷಗಳ ಹಿಂದೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕುರಿತು ವಿಚಾರಿಸಲು ಹೆಣ್ಣಿನ ತಂದೆ ಬಂದಿದ್ದರು. ‘ಮಿತಭಾಷಿ, ದುಶ್ಚಟವಿಲ್ಲ, ಲೆಕ್ಕದಲ್ಲಿ ಅಪ್ರತಿಮ’ ಎಂದೆ. ಹೇಳಿದ್ದೆಲ್ಲ ನಿಜ. ಗಂಟೆ ಬಾರಿಸಿದರೆ ಅವನು ಕಿವಿ ಮುಚ್ಚಿಕೊಂಡು ನಡುಗುತ್ತಿದ್ದುದನ್ನು, ಬೆಂಚು ಬದಲಾಯಿಸಿದ ದಿನ ಊಟವನ್ನೇ ಬಿಡುತ್ತಿದ್ದುದನ್ನು ಹೇಳಲಿಲ್ಲ. ಅದಕ್ಕೊಂದು ಹೆಸರಿದೆಯೆಂದು ಆಗ ನನಗೆ ತಿಳಿದಿರಲಿಲ್ಲ, ದಿಟ. ಆದರೆ ಕಂಡದ್ದನ್ನು ಹೇಳಲು ಹೆಸರು ಬೇಕಿರಲಿಲ್ಲ. ಮದುವೆಯಾದರೆ ಎಲ್ಲವೂ ಸರಿಹೋಗುತ್ತದೆಂದು ಊರಿನವರಂತೆ ನಾನೂ ನಂಬಿದ್ದೆ.

ಕೆಲವು ವರ್ಷಗಳ ಬಳಿಕ ಆ ಹೆಣ್ಣುಮಗಳು ಒಂದು ಸಮಾರಂಭದಲ್ಲಿ ಸಿಕ್ಕಳು. ದೂರಲಿಲ್ಲ. ‘ಮಾಷ್ಟ್ರೇ, ಅವರು ಒಳ್ಳೆಯವರೇ. ನನ್ನನ್ನು ಕಂಡರೆ ಆಗುವುದಿಲ್ಲವೆಂದುಕೊಂಡು ನಾಲ್ಕು ವರ್ಷ ಅತ್ತೆ. ನಿಮಗೆ ಗೊತ್ತಿದ್ದದ್ದನ್ನು ನನಗೂ ಹೇಳಬಹುದಿತ್ತು’ ಎಂದಳು.

ಮಂದಿರಾಳಿಗೆ ಮದುವೆಗೆ ಮುಂಚೆಯೇ ತಿಳಿದಿತ್ತು. ಕ್ರಿಸ್ಟನ್‌ಗೆ ತಡವಾಗಿ ತಿಳಿಯಿತು. ಈಕೆಗೆ ಯಾರೂ ತಿಳಿಸಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ವಲೀನತೆಗೆ ಸ್ಥಾನ ದೊರೆತಿದೆ. ನಮ್ಮ ಸಾಹಿತ್ಯದಲ್ಲಿ ಆ ಹೆಣ್ಣುಮಗಳ ನಾಲ್ಕು ವರ್ಷಗಳಿಗೆ, ಅಷ್ಟೇ ಅಲ್ಲ, ಅದೇ ಮನೆಯಲ್ಲಿ ಅರ್ಥವಾಗದೆ ಉಳಿದ ಅವಳ ಗಂಡನಿಗೆ ಸ್ಥಾನ ದೊರೆಯಬೇಕಾಗಿದೆ. ಸಾಹಸವಿಲ್ಲದೆ, ಕನಿಕರವಿಲ್ಲದೆ, ಇಬ್ಬರ ದನಿಯೂ ಸಮನಾಗಿ ಕೇಳುವಂತೆ ಅದನ್ನು ಬರೆಯುವವರು ಈ ಸಮ್ಮೇಳನಕ್ಕೆ ಬಂದಿರುವ ಎಳೆಯರಲ್ಲಿ ಒಬ್ಬರಾದರೂ ಇರಲಿ. ಓದಲು ನಾನು ಕಾದಿದ್ದೇನೆ.