ಅಡಿಕೆ ತೋಟದ ಚಾಕಲೇಟು ಉಂಡೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡಿಕೆ ಮರಗಳ ನೆರಳಲ್ಲಿ ಕೊಕ್ಕೋ ಬೆಳೆಯುತ್ತದೆ. ಕಾಯಿ ಒಡೆದರೆ ಬಿಳಿ ಲೋಳೆ ಹೊದ್ದ ಬೀಜ, ಬಾಯಿಗಿಟ್ಟರೆ ಹುಳಿಸಿಹಿ. ಚಾಕಲೇಟಿನ ಸುಳಿವೇ ಇಲ್ಲ! ಕೆಲವು ದಿನ ಹುಳಿ ಬರಿಸಿ, ಬಿಸಿಲಿಗೆ ಒಣಗಿಸಿ, ಹುರಿದ ಮೇಲೆಯೇ ಆ ಘಮ. ಹುರಿದು ಅರೆಯುವ ಕಷ್ಟವನ್ನು 1986ರಿಂದ ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ ಹೊತ್ತಿದೆ. ಅಡುಗೆಮನೆಗೆ ಉಳಿದದ್ದು ಸುಖದ ಪಾಲು.

200 ಗ್ರಾಂ ಕಪ್ಪು ಚಾಕಲೇಟನ್ನು ಸಣ್ಣಗೆ ಹೆಚ್ಚಿ, 100 ಗ್ರಾಂ ಬಿಸಿ ಕ್ರೀಮ್ ಸುರಿದು, ತುಸು ಬಿಟ್ಟು ನಡುವಿನಿಂದ ಕದಡಿದರೆ ಮಿರಮಿರ ಮಿಂಚುತ್ತದೆ. ಫ್ರಿಜ್ಜಿನಲ್ಲಿ ಗಟ್ಟಿಯಾದ ಮೇಲೆ ಉಂಡೆ ಕಟ್ಟಿ ಕೊಕ್ಕೋ ಪುಡಿಯಲ್ಲಿ ಹೊರಳಿಸಿ. ನೋಡಲು ಥೇಟ್ ಮಣ್ಣು ಮೆತ್ತಿದ ಕಲ್ಲಣಬೆ! ಕೊಕ್ಕೋ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಕರಾವಳಿಯ ಸೆಕೆಯಲ್ಲಿ ಕೈ ಚುರುಕಾಗಿರಬೇಕು. ಅದೇ ಗುಣದಿಂದಲೇ ಈ ಉಂಡೆ ಅಗಿಯುವ ಮೊದಲೇ ನಾಲಿಗೆಯ ಮೇಲೆ ಕರಗುವುದು.